ಒಂದು ಗಂಡು, ಎರಡು ಹೆಣ್ಣು: ನಮ್ಮ ಜಮೀನಿನ 2023ರ ಜಿಂಕೆ ಬೇಟೆ

ಆ ವರ್ಷ ನಮ್ಮ ಜಮೀನಿನಲ್ಲಿ ಮೂರು ಜಿಂಕೆ ಬಿದ್ದವು. ನಾವು ಪೂರ್ತಿ ತಿಂದದ್ದು ಒಂದನ್ನು ಮಾತ್ರ. ಉಳಿದ ಎರಡರ ಮಾಂಸವನ್ನು, ಹತ್ತಿರ ಹತ್ತಿರ 50 ಕೆಜಿ, ಎರಡೆರಡು ಪದರ ಚೀಲದಲ್ಲಿ ಕಟ್ಟಿ ಕಸಕ್ಕೆ ಕಳಿಸಿದೆವು. ಅದರಲ್ಲಿ ಅರ್ಧದಷ್ಟು ಬಿಸಾಡುವ ಅಗತ್ಯವೇ ಇರಲಿಲ್ಲ. ಯಾಕೆ ಹಾಗಾಯ್ತು, ಅದರ ಹಿಂದೆ ಏನೇನಿತ್ತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಬೇಟೆಯಾಡುವ ಮನೆಗಳಿಗೆ ನನ್ನ ಹಾಗೆ ಸೊಸೆಯಾಗಿಯೋ ಅಳಿಯನಾಗಿಯೋ ಬಂದ ಕನ್ನಡದವರು ಅಮೆರಿಕದಲ್ಲಿ ಬೇರೆಯವರೂ ಇರಬಹುದು. ಅವರಿಗಾದರೂ ಉಪಯೋಗಕ್ಕೆ ಬರಲಿ.

ಜಮೀನು

ಜಮೀನು ಇರುವುದು ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯ ಅಯೋವಾ ಕೌಂಟಿಯಲ್ಲಿ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಸಪಾಟು ಮಾಡಿದ ಹಿಮದ ಹಾಸು ಈ ಭಾಗವನ್ನು ಮುಟ್ಟಲೇ ಇಲ್ಲ. ಹಾಗಾಗಿ ಇಲ್ಲಿ ಏಣು, ಕಣಿವೆ, ಕಡಿದಾದ ದಿಬ್ಬ. ಮದುವೆಯಾದ ಹೊಸದರಲ್ಲಿ ಮೊದಲ ಸಲ ಬಂದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮೂರೇ ನೆನಪಾಯ್ತು. ತೋಟ ಇರಬೇಕಾದ ಜಾಗದಲ್ಲಿ ಮೆಕ್ಕೆಜೋಳ, ಗದ್ದೆ ಇರಬೇಕಾದಲ್ಲಿ ಆಲ್ಫಾಲ್ಫಾ ಹುಲ್ಲು, ಮೇಲೆ ಹಾಡ್ಯದ ಹಾಗೆ ಓಕ್ ಮರಗಳು.

ಇಲ್ಲಿ ಭೂಮಿ ಅಳೆದಿರುವುದು ಚೌಕ ಚೌಕವಾಗಿ. ಒಂದು ಚದರ ಮೈಲಿಗೆ 640 ಎಕರೆ. ಅದನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನು ಮತ್ತೆ ನಾಲ್ಕು ಮಾಡಿದರೆ 40 ಎಕರೆ. ಜನರ ಬಾಯಲ್ಲಿ ಅದು 'ಫಾರ್ಟಿ'. ನಮ್ಮದು ಮೂರು ಫಾರ್ಟಿ, ಅಂದರೆ 120 ಎಕರೆ. ಮಾವನ ಅಪ್ಪ 1950ರ ದಶಕದಲ್ಲಿ ಕೊಂಡದ್ದು. ಮೊದಲು ಹಾಲಿನ ಹಸುಗಳಿದ್ದವು, ಈಗಿಲ್ಲ. ಹೊಲವನ್ನು ಪಕ್ಕದವರಿಗೆ ಗೇಣಿಗೆ ಕೊಟ್ಟಿದ್ದೇವೆ. ಕಾಡು ನಮ್ಮ ಕೈಯಲ್ಲೇ ಇದೆ. ಹಕ್ಕು ಮೂವರದು: ಮಾವ, ಭಾವ, ನನ್ನ ಗಂಡ. ಇದು ಮುಖ್ಯ, ಯಾಕಂದರೆ ಈ ಜಮೀನಿನಲ್ಲಿ ಯಾವ ಜಿಂಕೆಯನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ಮೂವರೂ ಒಪ್ಪಬೇಕು.

ಕೋವಿ ಬೇಟೆಯ ಮುಖ್ಯ ಸುಗ್ಗಿ ವರ್ಷಕ್ಕೆ 9 ದಿನ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ಇಡೀ ರಾಜ್ಯದಲ್ಲಿ ಸುಮಾರು ಐದೂವರೆ ಲಕ್ಷ ಜನ ಲೈಸೆನ್ಸ್ ತೆಗೆದುಕೊಂಡು ಕಾಡಿಗೆ ಇಳಿಯುತ್ತಾರೆ. ನಮ್ಮ ಮಲೆನಾಡಿನಲ್ಲೂ ಅಜ್ಜನ ಕಾಲದಲ್ಲಿ ಮರಸು ಕೂರುವುದು, ಹಳು ಸೋಯುವುದು ಎಲ್ಲ ಇತ್ತು. 1972ರ ವನ್ಯಜೀವಿ ಕಾಯ್ದೆ, ಆಮೇಲಿನ ತಿದ್ದುಪಡಿಗಳು ಬಂದ ಮೇಲೆ ಅಲ್ಲಿ ಬೇಟೆ ಅಂದರೆ ಕದ್ದು ಮಾಡುವ ಕೆಲಸ. ಇಲ್ಲಿ ಅದನ್ನು ಸರ್ಕಾರವೇ ಎಣಿಸಿ, ಬರೆದುಕೊಂಡು ಮಾಡಿಸುತ್ತದೆ. ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಲೇಬೇಕು.

ನಾನು ಕೋವಿ ಹಿಡಿಯುವುದಿಲ್ಲ. ಮಾಂಸ ಕತ್ತರಿಸುವುದು, ಪೊಟ್ಟಣ ಕಟ್ಟುವುದು, ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಈ ತಪ್ಪಿನಲ್ಲಿ ನನ್ನ ಕೈ ನೇರವಾಗಿ ಇದೆ.

ಎರಡು ಕಟ್ಟಳೆ

ಈ ಜಮೀನಿಗೆ ಬರೆಯದ ಎರಡು ಕಟ್ಟಳೆ ಇದ್ದವು. ಒಂದು, ಹೆಣ್ಣು ಜಿಂಕೆಯನ್ನು ಹೊಡೆಯಬಾರದು. ಎರಡು, ಕೊಂಬು ಚಿಕ್ಕದಿದ್ದರೆ ಗಂಡನ್ನೂ ಬಿಡಬೇಕು, ಬೆಳೆಯಲಿ.

ಮೊದಲನೆಯದು ಮಾವನ ಅಪ್ಪನ ಕಾಲದ್ದು. ಅದಕ್ಕೆ ಕಾರಣ ಇತ್ತು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ವಿಸ್ಕಾನ್ಸಿನ್‌ನ ದಕ್ಷಿಣ ಭಾಗದಲ್ಲಿ ಜಿಂಕೆ ಅನ್ನುವುದೇ ಇಲ್ಲದಂತಾಗಿತ್ತು. ಸಿಕ್ಕಿದ್ದನ್ನೆಲ್ಲ ಹೊಡೆದು ಮುಗಿಸಿದ್ದರು. ಹೆಣ್ಣನ್ನು ಉಳಿಸಿದ್ದಕ್ಕೇ ಅವು ಮತ್ತೆ ಬಂದವು. 1943ರಲ್ಲಿ ಒಂದು ಸಲ ಹೆಣ್ಣು, ಮರಿ ಹೊಡೆಯಲು ಸರ್ಕಾರ ಅವಕಾಶ ಕೊಟ್ಟಿತು. ಉತ್ತರದ ಕಾಡುಗಳಲ್ಲಿ ಮೇವಿಲ್ಲದೆ ಜಿಂಕೆಗಳು ಚಳಿಗಾಲದಲ್ಲಿ ಸಾಯುತ್ತಿದ್ದವು, ಸಂಖ್ಯೆ ಇಳಿಸಲೇಬೇಕು ಅಂತ ವಾದಿಸಿದವರಲ್ಲಿ ಆಲ್ಡೋ ಲಿಯೋಪೋಲ್ಡ್ ಪ್ರಮುಖರು. ಮ್ಯಾಡಿಸನ್‌ನ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುತ್ತಿದ್ದವರು ಅವರು. ಜನ ಸಿಟ್ಟಾದರು. ಆ ಸುಗ್ಗಿಗೆ '1943ರ ಅಪರಾಧ' ಅಂತಲೇ ಹೆಸರಿಟ್ಟರು. ಆ ಮಾತನ್ನು ನಾನು ಮಾವನ ಬಾಯಲ್ಲೇ ಕೇಳಿದ್ದೇನೆ. ಆಗ ಅವರಿನ್ನೂ ಹುಟ್ಟಿರಲಿಲ್ಲ, ಆದರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಎರಡನೆಯ ಕಟ್ಟಳೆ ಭಾವನದು, ಹದಿನೈದು ವರ್ಷದ್ದು. ಒಂದೂವರೆ ವರ್ಷದ ಗಂಡನ್ನು ಬಿಟ್ಟರೆ ಮೂರೂವರೆ ವರ್ಷಕ್ಕೆ ಕೊಂಬು ಚೆನ್ನಾಗಿ ಬಲಿಯುತ್ತದೆ. ಅವರು ವರ್ಷಪೂರ್ತಿ ಊರಿನಲ್ಲಿ ದುಡಿದು, ಬೇಟೆಗೆ ಅಂತ ರಜೆ ಉಳಿಸಿಕೊಂಡು ಬರುವವರು. ಒಂದು ದೊಡ್ಡ ಗಂಡು ಸಿಕ್ಕಬೇಕು ಅನ್ನುವ ಆಸೆಯಲ್ಲಿ ತಪ್ಪೇನಿಲ್ಲ.

ಎರಡೂ ಕಟ್ಟಳೆಗಳ ಹಿಂದೆ ಇದ್ದದ್ದು ಸಂಯಮ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಷ್ಟರಲ್ಲಿ ನೆಲದ ಸ್ಥಿತಿ ಬದಲಾಗಿತ್ತು.

2002ರ ಫೆಬ್ರವರಿಯಲ್ಲಿ, ನಮ್ಮಲ್ಲಿಂದ ಹೆಚ್ಚು ದೂರವಿಲ್ಲದ ಮೌಂಟ್ ಹೋರೆಬ್ ಊರಿನ ಹತ್ತಿರ, ಹಿಂದಿನ ನವೆಂಬರ್‌ನಲ್ಲಿ ಹೊಡೆದಿದ್ದ ಮೂರು ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಪತ್ತೆಯಾಯ್ತು. ಎಲ್ಲರೂ ಸಿಡಬ್ಲ್ಯೂಡಿ ಅನ್ನುತ್ತಾರೆ. ಕನ್ನಡದಲ್ಲಿ ನಾನು ಸೊರಗು ರೋಗ ಅನ್ನುತ್ತೇನೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂದ ರೋಗ ಇದು. ಮಿಸ್ಸಿಸ್ಸಿಪ್ಪಿ ನದಿಯ ಪೂರ್ವಕ್ಕೆ ಕಂಡದ್ದು ಅದೇ ಮೊದಲು. ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅನ್ನುವ, ಮಡಿಕೆ ತಪ್ಪಿದ ಪ್ರೋಟೀನ್. ಅದು ಸರಿಯಿರುವ ಪ್ರೋಟೀನನ್ನೂ ತನ್ನ ಹಾಗೇ ಮಾಡುತ್ತಾ ಹೋಗಿ ಮಿದುಳನ್ನು ತೂತು ತೂತು ಮಾಡುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಜೊಲ್ಲು, ಉಚ್ಚೆ, ಹಿಕ್ಕೆ, ಸತ್ತ ದೇಹದ ಮೂಲಕ ಹರಡುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹತ್ತಿದ ಜಿಂಕೆ ಬದುಕುವುದಿಲ್ಲ. ಮನುಷ್ಯರಿಗೆ ಬಂದ ಒಂದು ಪ್ರಕರಣವೂ ಈವರೆಗೆ ಖಚಿತವಾಗಿಲ್ಲ. ಆದರೂ ರೋಗ ಪತ್ತೆಯಾದ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ.

ನಾನು ಬೆಳೆದ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡದ್ದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ನಮಗೆ ಅದೇ ಎಚ್ಚರಿಕೆ, ಆ ಕಡೆ ಸೊಪ್ಪಿಗೆ ಹೋಗುತ್ತಿರಲಿಲ್ಲ. ಇಲ್ಲಿನ ಕಷ್ಟ ಅಂದರೆ ಅಂಥ ಗುರುತು ಇಲ್ಲ. ರೋಗ ಹತ್ತಿ ಒಂದೂವರೆ, ಎರಡು ವರ್ಷದವರೆಗೆ ಜಿಂಕೆ ಮೈ ತುಂಬಿಕೊಂಡು, ನೆಗೆದಾಡಿಕೊಂಡೇ ಇರುತ್ತದೆ. ಸೊರಗುವುದು ಕೊನೆಗೆ ಮಾತ್ರ.

ಮತ್ತೆ, ದೊಡ್ಡ ಗಂಡುಗಳಲ್ಲಿ ರೋಗ ಹೆಣ್ಣುಗಳಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಬೆದೆಗಾಲದಲ್ಲಿ ಅವು ತುಂಬ ಅಲೆಯುತ್ತವೆ, ಎಲ್ಲದರ ಸಂಪರ್ಕಕ್ಕೂ ಬರುತ್ತವೆ. ನಮ್ಮ ಸುತ್ತಮುತ್ತ ಈಗ ಬಲಿತ ಮೂರು ಗಂಡುಗಳನ್ನು ಪರೀಕ್ಷಿಸಿದರೆ ಒಂದಕ್ಕಾದರೂ ರೋಗ ಇರುವ ಮಟ್ಟಕ್ಕೆ ಬಂದಿದೆ. ಹೀಗಿರುವಾಗ ಹೆಣ್ಣನ್ನು ಹೊಡೆಯದೆ ಹಿಂಡನ್ನು ಒತ್ತಾಗಿ ಬೆಳೆಸುವುದು, ಗಂಡನ್ನು ಹೊಡೆಯದೆ ವಯಸ್ಸಾಗಲು ಬಿಡುವುದು, ಎರಡೂ ರೋಗಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಇದನ್ನು ನಾನು ಮನೆಯಲ್ಲಿ ಎರಡು ಮೂರು ಸಲ ಹೇಳಿದ್ದೆ. ಕೇಳಿಸಿಕೊಂಡರು, ಅಷ್ಟೆ. 2002ರ ನಂತರ ಸರ್ಕಾರ ಈ ಭಾಗದ ಜಿಂಕೆಗಳನ್ನು ಪೂರ್ತಿ ತೆಗೆದುಹಾಕಲು ಹೊರಟಿತ್ತು, ಕೆಲವು ವರ್ಷಗಳಲ್ಲಿ ಕೈಬಿಟ್ಟಿತು. ಆ ಕಾಲದ ನೋವು ಇಲ್ಲಿನ ಹಳಬರಲ್ಲಿ ಇನ್ನೂ ಇದೆ. ಹೊರಗಿನಿಂದ ಬಂದ ಸೊಸೆ ಅದರ ಮೇಲೆ ಪಾಠ ಹೇಳುವುದು ಸುಲಭ ಅಲ್ಲ, ಅಲ್ವಾ?

ಆ ಶನಿವಾರ

2023ರ ನವೆಂಬರ್ 18. ಹಿಮ ಇರಲಿಲ್ಲ. ಒಣ ಎಲೆ ಕಾಲಿಗೆ ಸಿಕ್ಕಿ ಚರಚರ ಅನ್ನುತ್ತಿತ್ತು. ಹಿಮ ಇದ್ದರೆ ಕಂದು ಮೈ ದೂರದಿಂದ ಕಾಣುತ್ತದೆ, ಹೆಜ್ಜೆ ಹಿಡಿಯಬಹುದು. ಆ ದಿನ ಅದೆರಡೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರಿ 10 ಡಿಗ್ರಿ ಸೆಲ್ಸಿಯಸ್ ದಾಟಿತು. ನವೆಂಬರ್ ನಡುವಿಗೆ ಇಲ್ಲಿ ಅದು ಸೆಕೆಯೇ.

ಬೆಳಿಗ್ಗೆ ಏಳೂವರೆಗೆ ಪೂರ್ವದ ಕಣಿವೆಯಿಂದ ಒಂದು ಈಡು ಕೇಳಿಸಿತು. ಒಂದೇ. ಭಾವನ ಮಗ, 13 ವರ್ಷದವನು, ಅಪ್ಪನ ಪಕ್ಕ ಅಟ್ಟಣೆಯಲ್ಲಿ ಕೂತಿದ್ದ. ಅವನ ಮೊದಲ ಜಿಂಕೆ. ಎಂಟು ಕವಲಿನ ಗಂಡು. ನಾವೆಲ್ಲ ಕಿತ್ತಳೆ ಜಾಕೆಟ್ ಹಾಕಿಕೊಂಡು ಇಳಿದು ಹೋದೆವು. ಹುಡುಗ ಜಿಂಕೆಯ ಕುತ್ತಿಗೆ ಮೇಲೆ ಕೈ ಇಟ್ಟು ಕೂತಿದ್ದ. ಏನೂ ಮಾತಾಡುತ್ತಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು, ಬೆದೆಯ ವಾಸನೆ ಜೋರಾಗಿತ್ತು. ಬೆನ್ನಿನ ಮೇಲೆ ಒಳ್ಳೆ ಕೊಬ್ಬು. ಕೂದಲು ಹೊಳೆಯುತ್ತಿತ್ತು.

ಮಾವ ಅದರ ದವಡೆ ಬಿಡಿಸಿ ಹುಡುಗನಿಗೆ ಹಲ್ಲು ತೋರಿಸಿದರು. ಟಾರ್ಚ್ ನಾನೇ ಹಿಡಿದಿದ್ದೆ. ಕೆನ್ನೆಹಲ್ಲಿನ ಸಾಲಿನಲ್ಲಿ ಮೂರನೆಯದನ್ನು ನೋಡಬೇಕು. ಅದಕ್ಕೆ ಮೂರು ಉಬ್ಬು ಇದ್ದರೆ ಅದು ಹಾಲುಹಲ್ಲು, ಜಿಂಕೆ ಇನ್ನೂ ಎಳೆಯದು. ಎರಡೇ ಉಬ್ಬು ಇದ್ದರೆ ಹಾಲುಹಲ್ಲು ಬಿದ್ದು ಹೊಸದು ಬಂದಿದೆ. ಇದಕ್ಕೆ ಎರಡೇ ಉಬ್ಬು. ಹಿಂದಿನ ಹಲ್ಲುಗಳ ಸವೆತವನ್ನೂ ನೋಡಿ ಮೂರೂವರೆ ವರ್ಷ ಅಂದರು. ಭಾವನ ಕಟ್ಟಳೆ ಫಲ ಕೊಟ್ಟಿತ್ತು.

ಮಧ್ಯಾಹ್ನ ನನ್ನ ಗಂಡ ಒಂದು ಹೆಣ್ಣನ್ನು ಹೊಡೆದರು. ಈ ಜಮೀನಿನಲ್ಲಿ ಎಷ್ಟೋ ವರ್ಷದ ಮೇಲೆ ಬಿದ್ದ ಹೆಣ್ಣು. ನಮ್ಮ ವಲಯದಲ್ಲಿ ಲೈಸೆನ್ಸ್ ಜೊತೆಗೇ ಹೆಣ್ಣಿಗೂ ಅನುಮತಿ ಬರುತ್ತದೆ, ಇವರು ಅದನ್ನು ಬಳಸುತ್ತಲೇ ಇರಲಿಲ್ಲ. ಆ ವರ್ಷ ನಾನು ಕೇಳಿಕೊಂಡಿದ್ದೆ. ಮಾವ ಏನೂ ಅನ್ನಲಿಲ್ಲ. ಎಳೆದು ತರಲು ಕೈ ಜೋಡಿಸಿದರು.

ಆಮೇಲೆ ಆದದ್ದು ಹೀಗೆ. ಚಳಿ ಇದ್ದಿದ್ದರೆ ಎರಡನ್ನೂ ಚರ್ಮ ಸಮೇತ ಕೊಟ್ಟಿಗೆಯಲ್ಲಿ ನಾಲ್ಕೈದು ದಿನ ತೂಗುಹಾಕುತ್ತಿದ್ದೆವು. ಆ ಸೆಕೆಗೆ ಮಾಂಸ ಕೆಡುತ್ತದೆ ಅನ್ನುವ ಅವಸರ. ಭಾನುವಾರವೇ ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿದೆವು. ನಾಲ್ಕು ಚಾಕು, ಎರಡು ಮರದ ಹಲಗೆ, ಒಂದು ಮಾಂಸ ಅರೆಯುವ ಯಂತ್ರ. ತೊಡೆ, ಬೆನ್ನುಪಟ್ಟಿಯ ತುಂಡುಗಳನ್ನು ಕಾಗದದಲ್ಲಿ ಸುತ್ತಿ 'ಬೆನ್ನು 2023', 'ತೊಡೆ 2023' ಅಂತ ನಾನೇ ಬರೆದೆ. ಯಾವ ಜಿಂಕೆಯದು ಅಂತ ಬರೆಯಲಿಲ್ಲ. ಉಳಿದ ಚೂರುಗಳೆಲ್ಲ ಒಂದೇ ಬಾಂಡಲಿಗೆ ಬಿದ್ದು, ಒಟ್ಟಿಗೇ ಅರೆದು ಪೊಟ್ಟಣವಾದವು.

ತಲೆಗಳನ್ನು ಪರೀಕ್ಷೆಗೆ ಕೊಡಬೇಕು ಅಂತ ಹಟ ಹಿಡಿದದ್ದೂ ನಾನೇ. ವಿಸ್ಕಾನ್ಸಿನ್‌ನಲ್ಲಿ ಈ ಪರೀಕ್ಷೆ ಕಡ್ಡಾಯ ಅಲ್ಲ, ಆದರೆ ಉಚಿತ. ಊರೂರಲ್ಲಿ ಪ್ಲೈವುಡ್ಡಿನ ಒಂದು ಸಣ್ಣ ಗೂಡು ಇಟ್ಟಿರುತ್ತಾರೆ. ಕೊಂಬು ತೆಗೆದುಕೊಂಡು, ಮೂರು ನಾಲ್ಕು ಇಂಚು ಕುತ್ತಿಗೆ ಬಿಟ್ಟು ತಲೆ ಕತ್ತರಿಸಿ, ಅಲ್ಲಿಟ್ಟಿರುವ ಚೀಲದಲ್ಲಿ ಹಾಕಿ, ಚೀಟಿಯಲ್ಲಿ ಎಲ್ಲಿ ಹೊಡೆದದ್ದು ಅಂತ ಬರೆದು ಕಟ್ಟಬೇಕು. ಕುತ್ತಿಗೆ ಯಾಕೆ ಅಂದರೆ ಪರೀಕ್ಷೆಗೆ ಬೇಕಾದ ಗ್ರಂಥಿಗಳು ಗಂಟಲಿನ ಹಿಂದೆ ಇರುತ್ತವೆ. ಅಲ್ಲಿಂದ ಫಲಿತಾಂಶಕ್ಕೆ ಸುಮಾರು ಎರಡು ವಾರ.

ಮಾಂಸ ಭಾನುವಾರವೇ ಮಿಕ್ಸ್ ಆಯ್ತು. ಉತ್ತರ ಬರುವುದು ಎರಡು ವಾರ ಬಿಟ್ಟು. ಅಂಥ ಸರಳ ಲೆಕ್ಕ ಆ ದಿನ ಮೇಜಿನ ಸುತ್ತ ನಿಂತಿದ್ದ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಫಲಿತಾಂಶ

ಡಿಸೆಂಬರ್ 1, ಶುಕ್ರವಾರ. ಗಂಡು: ರೋಗ ಪತ್ತೆಯಾಗಿದೆ. ಹೆಣ್ಣು: ಪತ್ತೆಯಾಗಿಲ್ಲ. 'ರೋಗ ಇಲ್ಲ' ಅಂತ ಅವರು ಬರೆಯುವುದಿಲ್ಲ, 'ಪತ್ತೆಯಾಗಿಲ್ಲ' ಅಂತಲೇ ಬರೆಯುತ್ತಾರೆ. ತೀರಾ ಹೊಸದಾಗಿ ಹತ್ತಿದ್ದರೆ ಪರೀಕ್ಷೆಗೆ ಸಿಗದೆ ಇರಬಹುದು ಅನ್ನುವ ಪ್ರಾಮಾಣಿಕತೆ ಅದು.

ಫ್ರೀಜರ್ ಬಾಗಿಲು ತೆಗೆದು ನಿಂತೆ. ನನ್ನದೇ ಅಕ್ಷರ. ಬೆನ್ನು 2023, ಬೆನ್ನು 2023, ತೊಡೆ 2023. ಯಾವುದು ಯಾವುದರದ್ದು ಅಂತ ಹೇಳಲು ಒಂದು ದಾರಿಯೂ ಇರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ ಎರಡು ಪೊಟ್ಟಣ ಬಿಚ್ಚಿ ಹುರಿದು ತಿಂದೂ ಆಗಿತ್ತು. ಹುಡುಗನೂ ತಿಂದಿದ್ದ. ಮನುಷ್ಯರಿಗೆ ಬಂದಿಲ್ಲ ಅಂತ ಗೊತ್ತು. ಆದರೂ ಆ ರಾತ್ರಿ ಅತ್ತೆಗೆ, ನನಗೆ ನಿದ್ದೆ ಬರಲಿಲ್ಲ.

ಹುಡುಗನಿಗೆ ಫೋನ್ ಮಾಡಿ ಹೇಳಿದ್ದು ಮಾವ. ಅವನು ಕೇಳಿದ ಪ್ರಶ್ನೆ ಒಂದೇ: "ನಾನು ಹೊಡೆಯದೆ ಇದ್ದಿದ್ದರೆ ಅದು ಎಷ್ಟು ದಿನ ಬದುಕುತ್ತಿತ್ತು?" ಹೆಚ್ಚು ದಿನ ಇಲ್ಲ, ಅಷ್ಟರೊಳಗೆ ಇನ್ನೂ ಕೆಲವಕ್ಕೆ ಹಚ್ಚುತ್ತಿತ್ತು, ಅಂದರು ಮಾವ. ಅವರು ರೋಗದ ವಿಷಯ ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ಜಿಂಕೆ ಇನ್ನೂ ಕೊಟ್ಟಿಗೆಯಲ್ಲಿ ತೂಗುತ್ತಿತ್ತು. ಅದೂ ಹೆಣ್ಣು, ನವೆಂಬರ್ 25ರ ಶನಿವಾರ ಹೊಡೆದದ್ದು. ಅಷ್ಟರಲ್ಲಿ ಚಳಿ ಬಿದ್ದಿತ್ತು, ಅದಕ್ಕೇ ಕತ್ತರಿಸದೆ ಬಿಟ್ಟಿದ್ದೆವು. ಅದೊಂದು ಅದೃಷ್ಟ. ಮರದ ಹಲಗೆಗಳನ್ನು ಬಿಸಾಡಿದೆವು. ಚಾಕು, ಯಂತ್ರದ ಸ್ಟೀಲ್ ಭಾಗಗಳನ್ನು ಬ್ರಷ್ ಹಾಕಿ ತಿಕ್ಕಿ, ಮಾಂಸದ ಒಂದು ಎಳೆಯೂ ಉಳಿಯದ ಹಾಗೆ ತೊಳೆದೆವು. ಆಮೇಲೆ ಮನೆಬಳಕೆಯ ಬ್ಲೀಚ್ 40 ಪಾಲು, ನೀರು 60 ಪಾಲು ಬೆರೆಸಿ 5 ನಿಮಿಷ ಮುಳುಗಿಸಿಟ್ಟೆವು. ಸ್ಟೀಲಿನ ಮೇಲ್ಮೈಯಲ್ಲಿರುವ ಪ್ರಿಯಾನ್ ಅದಕ್ಕೆ ನಾಶವಾಗುತ್ತದೆ ಅಂತ ಸಂಶೋಧನೆ ಇದೆ. ಮಾಂಸದ ಚೂರಿನ ಒಳಗಿದ್ದರೆ ಬ್ಲೀಚ್ ಅಲ್ಲಿಗೆ ಇಳಿಯುವುದಿಲ್ಲ, ಅದಕ್ಕೇ ಮೊದಲು ತಿಕ್ಕಲೇಬೇಕು. ಮೂರನೆಯದರ ಫಲಿತಾಂಶ ಬರುವವರೆಗೆ ಅದನ್ನು ದೊಡ್ಡ ತುಂಡುಗಳಾಗಿ ಬೇರೆ ಫ್ರೀಜರಿನಲ್ಲಿ ಇಟ್ಟೆವು. ಪತ್ತೆಯಾಗಿಲ್ಲ ಅಂತ ಬಂತು. ಆ ಚಳಿಗಾಲ ತಿಂದದ್ದು ಅದನ್ನೇ.

ಮಿಕ್ಕ ಮಾಂಸ ಕಾಡಿಗೆ ಎಸೆಯುವ ಹಾಗಿಲ್ಲ, ಹೂಳುವುದೂ ಬೇಡ ಅಂತ ತೀರ್ಮಾನಿಸಿದೆವು. ನಮ್ಮದೇ ಮಣ್ಣಿಗೆ ಮತ್ತೆ ಸೇರಿಸಿದ ಹಾಗಾಗುತ್ತದೆ. ಸರಿಯಾದ ಕಸದ ಹೂಳುಗುಂಡಿಗೆ ಹೋಗುವ ಹಾಗೆ ಕಳಿಸಿದೆವು.

ನೋಟ್‌ಬುಕ್ಕು ಮತ್ತು ತಂತಿಯ ಬುಟ್ಟಿ

ಕ್ರಿಸ್ಮಸ್ ರಜೆಯಲ್ಲಿ ಎಲ್ಲರೂ ಸೇರಿದಾಗ ಮಾವ ತಮ್ಮ ಬೇಟೆಯ ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟರು. ಯಾರ ಈಡು, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ, ಎಷ್ಟು ಜಿಂಕೆ ಕಂಡವು, ಎಲ್ಲ ಇದೆ. ನಾವು ಕಂಡ ಹೆಣ್ಣುಗಳ ಲೆಕ್ಕ ಮಾತ್ರ ತೆಗೆದುಕೊಂಡು ನೋಡಿದೆವು. ಪುಟ ತಿರುಗಿಸಿದ ಹಾಗೆ ಅದು ಏರುತ್ತಲೇ ಹೋಗಿದೆ. ಇಲ್ಲಿನ ವೈಟ್‌ಟೇಲ್ ಜಿಂಕೆ ಬೇಸಿಗೆಯ ಶುರುವಿನಲ್ಲಿ ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ. ಇಲ್ಲಿ ತೋಳ ಇಲ್ಲದಷ್ಟು ಕಮ್ಮಿ. ಏರದೆ ಇನ್ನೇನು?

ಅದಕ್ಕೆ ಇನ್ನೊಂದು ಸಾಕ್ಷಿ ಕಾಡಿನಲ್ಲೇ ಇತ್ತು. ಕೆಲವು ವರ್ಷದ ಹಿಂದೆ ನನ್ನ ಗಂಡ ಓಕ್ ಮರಗಳ ಕೆಳಗೆ ಒಂದು ಆಳೆತ್ತರದ ತಂತಿಬಲೆಯನ್ನು ಸುತ್ತಿ, ಬುಟ್ಟಿಯ ಹಾಗೆ ನೆಟ್ಟಿದ್ದರು. ಆ ಬುಟ್ಟಿಯ ಒಳಗೆ ಈಗ ಸೊಂಟದೆತ್ತರದ ಓಕ್ ಸಸಿಗಳು. ವಸಂತದಲ್ಲಿ ಮೂರು ಎಸಳಿನ ಬಿಳಿ ಟ್ರಿಲಿಯಂ ಹೂವು. ಹೊರಗೆ ಒಂದು ಅಡಿ ದೂರದಲ್ಲಿ ಬರೀ ಹುಲ್ಲು, ಜಿಂಕೆ ತಿನ್ನದ ಮುಳ್ಳುಗಿಡ. ಅಜ್ಜನ ಕಾಲದ ದೊಡ್ಡ ಓಕ್ ಮರಗಳು ಬಿದ್ದರೆ ಅವುಗಳ ಜಾಗಕ್ಕೆ ಬರಲು ಒಂದು ಮರಿಯೂ ಇಲ್ಲ. ನನ್ನ ಮಟ್ಟಿಗೆ ಜಮೀನಿಗೆ ಆಗುತ್ತಿರುವ ನಷ್ಟಗಳಲ್ಲಿ ಇದೇ ದೊಡ್ಡದು, ರೋಗಕ್ಕಿಂತಲೂ ಹೆಚ್ಚು ಸದ್ದಿಲ್ಲದ್ದು.

ಆ ಸಂಜೆಯ ಮಾತು ಸುಲಭವಾಗಿರಲಿಲ್ಲ. ಭಾವ ಒಂದು ಸರಿಯಾದ ಪ್ರಶ್ನೆ ಎತ್ತಿದರು. ಪಕ್ಕದ ಜಮೀನಿನವರು ಹೆಣ್ಣು ಹೊಡೆಯದಿದ್ದರೆ ನಮ್ಮ 120 ಎಕರೆಯಲ್ಲಿ ಮಾಡಿ ಏನು ಪ್ರಯೋಜನ? ಜಿಂಕೆಗೆ ಬೇಲಿ ಗೊತ್ತಾ? ಅವರ ಮಾತು ನಿಜ. ಒಂದು ಹೆಣ್ಣಿನ ಓಡಾಟವೇ ನಮ್ಮ ಗಡಿ ದಾಟುತ್ತದೆ, ಎಳೆಯ ಗಂಡುಗಳಂತೂ ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ಹೋಗುತ್ತವೆ. ಇದೊಂದು ಜಮೀನಿನಿಂದ ರೋಗ ನಿಲ್ಲುವುದಿಲ್ಲ. ಆದರೆ ಓಕ್ ಸಸಿಯನ್ನು ತಿನ್ನುವ ಬಾಯಿ ಇಲ್ಲೇ ಮೇಯುವ ಹೆಣ್ಣುಗಳದ್ದು. ಅವು ತಾಯಿ, ಮಗಳು, ಮೊಮ್ಮಗಳು ಅಂತ ಒಂದೇ ಸುತ್ತಿನಲ್ಲಿ ಇರುತ್ತವೆ. ಅಷ್ಟನ್ನು ನಾವು ಮಾಡಬಹುದು ಅಂತ ನಾನು ಹೇಳಿದೆ. ಪಕ್ಕದ ಎರಡು ಮನೆಗಳ ಜೊತೆ ಮಾತಾಡುವ ಕೆಲಸ ನನ್ನ ಗಂಡ ತೆಗೆದುಕೊಂಡರು. ಒಬ್ಬರು ಒಪ್ಪಿದರು. ಇನ್ನೊಬ್ಬರು ನೋಡೋಣ ಅಂದಿದ್ದಾರೆ.

ಮುಂದಿನ ನವೆಂಬರ್

2024ರ ಸುಗ್ಗಿ ನವೆಂಬರ್ 23ಕ್ಕೆ ಶುರುವಾಯ್ತು. ಕೊಟ್ಟಿಗೆಯ ಕೆಲಸವನ್ನು ನಾನು ಪೂರ್ತಿ ಬದಲಾಯಿಸಿದ್ದೆ. ಪ್ರತಿ ಜಿಂಕೆಗೆ ಒಂದು ಸಂಖ್ಯೆ, ತಲೆಯ ಚೀಟಿಗೂ ಮಾಂಸದ ಚೀಲಕ್ಕೂ ಅದೇ ಸಂಖ್ಯೆ. ಬೆನ್ನೆಲುಬನ್ನು ಗರಗಸದಿಂದ ಕೊಯ್ಯುವುದಿಲ್ಲ, ಮಾಂಸವನ್ನು ಮೂಳೆಯಿಂದ ಬಿಡಿಸಿಕೊಳ್ಳುತ್ತೇವೆ. ಒಂದು ಮುಗಿದು ಹಲಗೆ, ಚಾಕು ತೊಳೆಯುವವರೆಗೆ ಇನ್ನೊಂದನ್ನು ಮೇಜಿಗೆ ತರುವ ಹಾಗಿಲ್ಲ. ಫಲಿತಾಂಶ ಬರುವವರೆಗೆ ಅರೆಯುವ ಯಂತ್ರ ಪೆಟ್ಟಿಗೆಯಲ್ಲೇ. ಸೆಕೆ ಬಂದರೆ ಅಂತ ಒಂದು ಹಳೆಯ ಫ್ರಿಜ್ಜನ್ನು ಶೆಲ್ಫ್ ತೆಗೆದು ಸಿದ್ಧ ಮಾಡಿಟ್ಟಿದ್ದೇವೆ, ಕಾಲು ಕಾಲು ಭಾಗ ಮಾಡಿ ಅದರಲ್ಲಿ ಇಡಬಹುದು. ಪರೀಕ್ಷೆ ಮಾಡಿಸುವ ಪ್ರತಿಯೊಂದು ಮನೆಯೂ ಇಷ್ಟು ಮಾಡಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಇದಕ್ಕೆ ಖರ್ಚು ಅಂತ ಏನೂ ಇಲ್ಲ, ಒಂದು ಮಾರ್ಕರ್ ಪೆನ್ನು.

ಕಟ್ಟಳೆಗಳ ವಿಷಯದಲ್ಲಿ ಅರ್ಧ ಬದಲಾಗಿದೆ. ಮೊದಲು ಹೆಣ್ಣು, ಆಮೇಲೆ ಗಂಡು ಅನ್ನುವುದಕ್ಕೆ ಮೂವರೂ ಒಪ್ಪಿದ್ದಾರೆ. ಎಳೆಯ ಗಂಡನ್ನು ಬಿಡುವ ಕಟ್ಟಳೆಯನ್ನು ಕೈಬಿಡಲು ಭಾವ ಇನ್ನೂ ಒಪ್ಪಿಲ್ಲ. ಅವರ ಮಗ ಮಾತ್ರ ತನಗೆ ಯಾವುದಾದರೂ ಆಗುತ್ತದೆ ಅಂದ. ಹಿಂದಿನ ವರ್ಷದ ಆ ಎಂಟು ಕವಲಿನ ಕೊಂಬನ್ನು ತಲೆಬುರುಡೆಯ ಚೂರು ಸ್ವಚ್ಛ ಮಾಡಿಸಿ ಅವನ ಕೋಣೆಯಲ್ಲಿ ತೂಗುಹಾಕಿದ್ದಾರೆ.

ಶನಿವಾರ ಬೆಳಿಗ್ಗೆ ಎಂಟರ ಒಳಗೆ ಎರಡು ಈಡು ಕೇಳಿಸಿತು. ಎರಡನೆಯದು ಮಾವನದು. ನಾನು ಜಾರುಗಾಡಿ ಎಳೆದುಕೊಂಡು ಹೋದಾಗ ಅವರು ಒಂದು ಬಲಿತ ಹೆಣ್ಣಿನ ಪಕ್ಕ ಮೊಣಕಾಲೂರಿ ಕೂತಿದ್ದರು. ಕೈಗವಸು ತೆಗೆದು, ಜೇಬಿನಿಂದ ನೋಟ್‌ಬುಕ್ ತೆಗೆದು, ಗಾಳಿ ಯಾವ ಕಡೆಯದು ಅಂತ ಮರಗಳನ್ನು ಒಮ್ಮೆ ನೋಡಿ ಬರೆದರು. ಆಮೇಲೆ ನನ್ನ ಕಡೆ ತಿರುಗಿ, "ನಂಬರ್ ಎಷ್ಟು?" ಅಂತ ಕೇಳಿದರು.

"ಎರಡು," ಅಂದೆ. ಅದನ್ನೂ ಬರೆದುಕೊಂಡರು.